ನಾನು ತಪ್ಪಾಗಿ ಓದಿದ ಇಸವಿ

ಕಳೆದ ತಿಂಗಳು ರೆಕಾರ್ಡ್ ರೂಮಿನ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ನಿಜಾಮರ ಕಾಲದ ಉರ್ದು ಕಾಗದ ಓದುವುದನ್ನು ಕಲಿಸಿಕೊಡಿ ಎಂದರು. ಕಲಿಸುತ್ತೇನೆ, ಅದೇನು ದೊಡ್ಡ ವಿದ್ಯೆಯಲ್ಲ. ಆರು ತಿಂಗಳು ಮನಸ್ಸಿಟ್ಟು ಕೂತರೆ ಯಾರಿಗಾದರೂ ಬರುತ್ತದೆ. ಆದರೆ ತಪ್ಪಾಗಿ ಓದಿದರೆ ಏನಾಗುತ್ತದೆ ಎಂಬುದನ್ನು ಬಾಯಲ್ಲಿ ಹೇಳಲು ಹೋದೆ, ನಾಲಗೆ ಏಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬಡ್ತಿ ಯಾವಾಗ ಸಿಕ್ಕಿತು, ಎಲ್ಲೆಲ್ಲಿಗೆ ವರ್ಗವಾಯಿತು ಎನ್ನುವುದು ಯಾರಿಗೂ ಬೇಕಾಗಿಲ್ಲ, ನನಗೂ ಬೇಕಾಗಿಲ್ಲ. ನಾನು ನೌಕರಿಗೆ ಸೇರಿದ್ದು ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿದ ಹೊಸತರಲ್ಲಿ. ಉರ್ದು ಶಾಲೆಯಲ್ಲಿ ಓದಿದವನು, ಮನೆಯಲ್ಲಿ ಕನ್ನಡ. ಹಳೆಯ ದಫ್ತರ ಓದಿ ಕನ್ನಡಕ್ಕೆ ಇಳಿಸುವವರು ಬೇಕಾಗಿತ್ತು, ನನ್ನನ್ನು ಯಾದಗಿರಿಯ ಕಚೇರಿಗೆ ತೆಗೆದುಕೊಂಡರು. ಕಾಗದಗಳೆಲ್ಲ ಊರಿಗೊಂದರಂತೆ ಕೆಂಪು ಬಟ್ಟೆಯ ಗಂಟುಗಳಲ್ಲಿ ಇರುತ್ತಿದ್ದವು. ಗಂಟಿಗೆ ಬಸ್ತಾ ಎನ್ನುತ್ತಿದ್ದೆವು. ಒಂದು ಬಸ್ತಾ ಬಿಚ್ಚಿದರೆ ಅರ್ಧ ದಿನ ಸೀನಬೇಕು, ಗೆದ್ದಲು ತಿಂದು ಬಿಟ್ಟದ್ದನ್ನು ಓದಬೇಕು.

ನನಗೆ ಕೆಲಸ ಕಲಿಸಿದವರು ಖಾಜಾ ಹುಸೇನ್ ಸಾಹೇಬರು. ಇಪ್ಪತ್ತೆಂಟು ವರ್ಷ ಅದೇ ಕೋಣೆಯಲ್ಲಿ ಕೂತವರು. ದೀಪವಿಲ್ಲದೆ ಕೈಯಾಡಿಸಿಯೇ ಇದು ಯಾವ ಊರಿನ ಬಸ್ತಾ ಎಂದು ಹೇಳುತ್ತಿದ್ದರು. ಮೊದಲ ದಿನ ನಾನು ಒಂದು ಕಾಗದ ತೆಗೆದು ಗಡಬಡಿಸಿ ಇಸವಿ ಓದಿದಾಗ ಅವರು ಬೆನ್ನ ಮೇಲೊಂದು ಕೊಟ್ಟು ಹೇಳಿದರು:

“ಇಸವಿ ಆಮ್ಯಾಲ ನೋಡು. ಮೊದಲ ಇದು ಯಾರು ಬರದ ಕಾಗದ ಅಂತ ನೋಡು. ಬರದಾಂವ ಗೊತ್ತಾದರ ಇಸವಿ ತಾನ ಬಾಯಿ ಬಿಡ್ತದ.”

ನಾನು ತಲೆಯಾಡಿಸಿದೆ. ಕೇಳಿಸಿಕೊಳ್ಳುವುದು ಬೇರೆ, ತಲೆಗೆ ಹೋಗುವುದು ಬೇರೆ. ವರ್ಷ ತುಂಬುವುದರೊಳಗೆ ಅವರನ್ನು ಮನೆಗೆ ಕಳಿಸಿದರು. ಕನ್ನಡ ಮಾತಾಡುತ್ತಿದ್ದರು, ಬರೆಯಲು ಬರುತ್ತಿರಲಿಲ್ಲ, ಅದೇ ಕಾರಣವಾಯಿತು. ಹಳೆಯ ಸರ್ಕಾರದ ಮನುಷ್ಯರ ಜೊತೆ ಹೆಚ್ಚು ಕಾಣಿಸಿಕೊಂಡರೆ ಜನ ಏನೆಂದಾರು ಎಂಬ ಅಂಜಿಕೆ ಆಗ ಎಲ್ಲರಿಗೂ ಇತ್ತು. ಅವರು ಪೆಟ್ಟಿಗೆ ಕಟ್ಟಿಕೊಂಡು ಸುರಪುರಕ್ಕೆ ಹೊರಟ ದಿನ ನಾನು ಬಸ್ಸಿನ ತನಕವೂ ಹೋಗಲಿಲ್ಲ. ಕೆಲಸ ಬಹಳ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಆ ಕಾಲದಲ್ಲಿ ತಮ್ಮ ವಂಶ ಹುಡುಕಿಸಲು ಬರುವವರು ಬಹಳ ಮಂದಿ. ಕೆಂಭಾವಿಯಿಂದ ಒಬ್ಬ ದೊಡ್ಡ ಮನುಷ್ಯರು ಬಂದು, ತಮ್ಮ ಮುತ್ತಜ್ಜ ಯಾವುದೋ ದೇಸಾಯಿಯ ದಂಡಿನಲ್ಲಿ ಸರದಾರನಾಗಿದ್ದನೆಂದು ಮೂರು ದಿನ ಕಚೇರಿಯ ಕಟ್ಟೆಯ ಮೇಲೆ ಕೂತರು. ನಾಲ್ಕನೆಯ ದಿನ ಮುತ್ತಜ್ಜ ಸಿಕ್ಕರು, ಕುರಿ ಕದ್ದ ಮೊಕದ್ದಮೆಯೊಂದರಲ್ಲಿ. ಓದಿ ಹೇಳಿದೆ. ಅವರು ರುಮಾಲು ಸರಿಮಾಡಿಕೊಂಡು, “ಹುಡುಕೂದ ಬ್ಯಾಡಾಗಿತ್ತು ಬಿಡ್ರಿ” ಎಂದು ಎದ್ದು ಹೋದರು. ನಾನು ವಾರಗಟ್ಟಲೆ ಈ ಕಥೆ ಹೇಳಿ ನಕ್ಕೆ. ನಗುವ ಸರದಿ ಬೇರೆಯವರಿಗೆ ಬರುವುದು ತಡವಾಗಲಿಲ್ಲ.

ಕೆನಡಾದಿಂದ ಪತ್ರ ಬಂದದ್ದು ಆಗಲೇ. ಬರೆದವರು ಎಡಿತ್ ಎಂಬ ಹೆಣ್ಣುಮಗಳು. ಕೆನಡಾದಲ್ಲಿ ಪ್ರೇರಿ ಎನ್ನುವ ದೊಡ್ಡ ಹುಲ್ಲುಬಯಲಂತೆ. ಇಂಗ್ಲೆಂಡಿನಿಂದ ಗುಳೆ ಹೋದವರು ಅಲ್ಲಿ ನೆಲ ಒಡೆದು ಗೋಧಿ ಬೆಳೆದಿದ್ದರು. ಆಕೆಯ ತಂದೆ ಆರ್ಥರ್ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹೀಗೆ ಹೋದವರಲ್ಲಿ ಒಬ್ಬರು. ಮಗಳು ಮನೆತನದ ಚರಿತ್ರೆ ಬರೆಯುತ್ತಿದ್ದಳು. ಹಡಗಿನ ಪಟ್ಟಿ ಸಿಕ್ಕಿತ್ತು, ಕೆನಡಾ ಸರ್ಕಾರ ಭೂಮಿ ಕೊಟ್ಟ ಕಾಗದ ಸಿಕ್ಕಿತ್ತು, ತಂದೆಯನ್ನು ಸಾಕಿದ ಸೋದರತ್ತೆಯ ಊರಿನ ಚರ್ಚಿನ ಪುಸ್ತಕವೂ ಸಿಕ್ಕಿತ್ತು. ತಾಯಿ ಮಾತ್ರ ಸಿಕ್ಕಿರಲಿಲ್ಲ. ಆರ್ಥರ್ ಹುಟ್ಟಿದ್ದು ಯಾದಗಿರಿಯಲ್ಲಿ. ರೈಲಿನ ಪಟ್ರಿ, ಅಂದರೆ ಹಳಿ, ನೋಡಿಕೊಳ್ಳುವ ಸಾಹೇಬನಾಗಿದ್ದ ಅವರ ತಂದೆ ನಾಲ್ಕು ವರ್ಷದ ಮಗನನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ವಾಪಸಾಗಿ, ಅಕ್ಕನ ಮಡಿಲಲ್ಲಿ ಹಾಕಿ, ಬೇಗ ತೀರಿಕೊಂಡಿದ್ದ. ಸಾಹೇಬ ಯಾವ ವರ್ಷ ಹಿಂದೂಸ್ತಾನ ಬಿಟ್ಟ ಎಂಬುದನ್ನು ಎಡಿತ್ ಹಡಗಿನ ಕಾಗದ ನೋಡಿ ಖಚಿತವಾಗಿ ಬರೆದಿದ್ದಳು.

ಪತ್ರದ ಕೊನೆಗೆ ಇನ್ನೊಂದು ಮಾತಿತ್ತು. “ನಮ್ಮ ತಂದೆ ಗೋಧಿಯ ಜೊತೆಗೆ ಇಪ್ಪತ್ತು ಕುರಿ ಸಾಕಿದ್ದಾರೆ. ಅವನ್ನು ಕರೆಯುವಾಗ ನಾಲಗೆಯಿಂದ ಮೂರು ಸಲ ಟಕ್ ಎನ್ನಿಸಿ, ಟುರ್ರ್ ಹೋ ಎಂದು ಉದ್ದಕ್ಕೆ ಎಳೆದು, ಕಡೆಗೆ ಸಣ್ಣ ಸಿಳ್ಳು ಹಾಕುತ್ತಾರೆ. ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಎಲ್ಲಿ ಕಲಿತರೆಂದು ಅವರಿಗೇ ಗೊತ್ತಿಲ್ಲ. ತಾಯಿಯಿಂದ ಬಂದದ್ದಿರಬೇಕೆಂದು ಅವರ ನಂಬಿಕೆ. ಅವರಿಗೆ ವಯಸ್ಸಾಯಿತು. ತಾಯಿಯ ಹೆಸರೊಂದು ತಿಳಿದರೆ ಸಾಕು.”

ಹಳಬರನ್ನು ಕೇಳಿದೆ. ಸ್ಟೇಷನ್ನಿನ ಹಿಂದಿನ ಓಣಿಯ ಒಬ್ಬ ಮುದುಕ, “ಪಟ್ರಿ ಸಾಹೇಬ ಅಲ್ಲೇನ್ರಿ? ಮುದನಾಳದ ಕುರುಬರ ಹೆಣ್ಮಗಳ ಕೂಡ ಇದ್ದ ಅಂತ ನಮ್ಮಪ್ಪ ಹೇಳ್ತಿದ್ದ” ಎಂದ. ಮುದನಾಳದ ಬಸ್ತಾ ಬಿಚ್ಚಿದೆ. ಮೂರನೆಯ ದಿನ ಅಂಗೈ ಅಗಲದ ಒಂದು ಕಾಗದ ಸಿಕ್ಕಿತು. ಮೇಲಿನ ಅರ್ಧ ಗೆದ್ದಲಿಗೆ ಹೋಗಿತ್ತು. ಉಳಿದದ್ದರಲ್ಲಿ, ಮುದನಾಳದ ಹಣಮವ್ವ ಎಂಬಾಕೆಗೂ ಅವಳ ನಲವತ್ತು ದಿನದ ಗಂಡುಕೂಸಿಗೂ ಊರ ಪಡುವಣದ ಹೊಲ ದಾನ ಕೊಟ್ಟಿದೆ ಎಂದಿತ್ತು. ಕೊಟ್ಟವನ ಹೆಸರಿಲ್ಲ, ತಿಂಗಳ ಹೆಸರಿಲ್ಲ. ಕೆಳಗೆ ಇಸವಿಯ ಅಂಕೆ ಮಾತ್ರ ಸ್ಪಷ್ಟವಾಗಿತ್ತು.

ಇಲ್ಲಿ ಹೊಸಬರಿಗೆ ಒಂದು ವಿಷಯ ಹೇಳಬೇಕು. ನಿಜಾಮರ ಸರ್ಕಾರದಲ್ಲಿ ಎರಡು ಬಗೆಯ ವರ್ಷಗಳು ನಡೆಯುತ್ತಿದ್ದವು. ಕಂದಾಯದ ಕಾಗದಕ್ಕೆ ಫಸಲಿ, ಖಾಜಿಯವರು ಬರೆಯುವ ಕಾಗದಕ್ಕೆ ಹಿಜರಿ. ಅಂಕೆಗಳು ನೋಡಲು ಒಂದೇ ಥರ. ಆದರೆ ಆ ಕಾಲಕ್ಕೆ ಎರಡರ ನಡುವೆ ಎಂಟು ವರ್ಷದ ಅಂತರವಿತ್ತು. ಹಿಜರಿಯ ಅಂಕೆಯನ್ನು ಫಸಲಿ ಎಂದು ಓದಿದರೆ, ನಡೆದ ಸಂಗತಿ ಎಂಟು ವರ್ಷ ತಡವಾಗಿ ನಡೆದಂತಾಗುತ್ತದೆ.

ಕಾಗದ ಕಂದಾಯದ ಬಸ್ತಾದಲ್ಲಿತ್ತು. ಹಾಗಾದರೆ ಫಸಲಿಯೇ, ಇನ್ನೇನು? ನಾನು ಲೆಕ್ಕ ಹಾಕಿದೆ. ಸಾಹೇಬ ಊರು ಬಿಟ್ಟು ನಾಲ್ಕು ವರ್ಷವಾದ ಮೇಲೆ ಈ ಕೂಸು ಹುಟ್ಟಿತ್ತು. ಎಂದರೆ ಇದು ಸಾಹೇಬನ ಮಗನಲ್ಲ, ಹಣಮವ್ವ ಆರ್ಥರನ ತಾಯಿಯಲ್ಲ.

ಅಷ್ಟರಲ್ಲಿ ಸುದ್ದಿ ಮುದನಾಳಕ್ಕೆ ಮುಟ್ಟಿ, ಎಪ್ಪತ್ತರ ಒಬ್ಬ ಮುದುಕಿ ಕಂಬಳಿ ಹೊದ್ದು ಕಚೇರಿಗೆ ನಡೆದು ಬಂದಳು. ಮಲ್ಲವ್ವ, ಹಣಮವ್ವನ ಮೊದಲ ಗಂಡನ ಮಗಳು.

“ನಮ್ಮ ಸಿದ್ಯಾನ ಸುದ್ದಿ ಬಂದದ ಅಂತಲ್ಲ ಯಪ್ಪಾ? ಜೀವಂತ ಅದಾನೇನು?”

“ಯಾವ ಸಿದ್ಯಾ, ಆಯಿ?”

“ನನ್ನ ತಮ್ಮ. ನನ್ನ ಬಗಲಾಗ ಬೆಳದಾಂವ. ಸಾಲಿಗೆ ಹಾಕ್ತೀನಿ ಅಂತ ಸಾಹೇಬ ರೈಲಿನ್ಯಾಗ ಕೂಡಿಸ್ಕೊಂಡು ಹೋದ. ನಮ್ಮವ್ವ ಸಾಯೂ ತನಕ ರೈಲು ಬಂದಾಗೊಮ್ಮಿ ಟೇಸನ್‌ಗೆ ಹೋಗಿ ನಿಂದರತಿದ್ದಳು.”

ನನಗೆ ಪತ್ರದ ಕೊನೆಯ ಮಾತು ನೆನಪಾಯಿತು. ನೀವು ಕುರಿ ಹೇಗೆ ಕರೆಯುತ್ತೀರಿ ಎಂದು ಕೇಳಿದೆ. ಮುದುಕಿ ನನ್ನನ್ನು ಹುಚ್ಚನ ಹಾಗೆ ನೋಡಿದಳು. ಆಮೇಲೆ ಕಚೇರಿಯ ಪಡಸಾಲೆಯಲ್ಲೇ ನಿಂತು ನಾಲಗೆಯನ್ನು ಮೂರು ಸಲ ಟಕ್ ಎನ್ನಿಸಿ, “ಟುರ್ರ್... ಹೋ” ಎಂದು ಎಳೆದು, ಸಣ್ಣ ಸಿಳ್ಳು ಹಾಕಿದಳು. ಜವಾನ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಪತ್ರ ತೆಗೆದು ಆ ಸಾಲುಗಳನ್ನು ಮತ್ತೆ ಓದಿದೆ.

“ಮುದನಾಳದಾಗ ಎಲ್ಲಾರೂ ಹಿಂಗ ಕರೀತಾರೇನು?” ಎಂದೆ.

“ಅದ್ಹ್ಯಾಂಗ ಕರೀತಾರ? ಒಂದೊಂದು ಮನಿಗೆ ಒಂದೊಂದು ಕೂಗು. ಇದು ನಮ್ಮವ್ವನ ತವರಮನಿ ಕೂಗು. ಬ್ಯಾರೆ ಕೂಗಿಗೆ ನಮ್ಮ ಕುರಿ ಕಿವಿ ಸುದ್ದಾ ಎತ್ತೂದಿಲ್ಲ.”

ಅವತ್ತು ನನಗೆ ಸತ್ಯ ಗೊತ್ತಾಗಿತ್ತು, ಇದನ್ನು ಮುಚ್ಚಿಡುವುದಿಲ್ಲ. ಕರಡು ಉತ್ತರದಲ್ಲಿ ಕುರಿ ಕೂಗಿನ ಮಾತನ್ನೂ ಬರೆದೆ. ಆಗಿನ ನಮ್ಮ ಮೇಲಧಿಕಾರಿ ಮದರಾಸಿನ ಕಡೆಯಿಂದ ಬಂದವರು, ಉರ್ದು ಬಾರದು, ಬಹಳ ಚುರುಕು. ಕರಡನ್ನು ಓದಿ ಆ ಸಾಲಿನ ಮೇಲೆ ಕೆಂಪು ಗೀಟು ಎಳೆದರು. “ಕುರಿ ಕರೆಯುವುದು ದಾಖಲೆಯೇನ್ರಿ? ಕಾಗದ ಏನು ಹೇಳುತ್ತದೆ ಅದನ್ನು ಬರೆಯಿರಿ. ಮೂರು ದಿನದಲ್ಲಿ ಉತ್ತರ ಹೋಗಬೇಕು. ಹೊಸ ಸರ್ಕಾರ ಹೇಗೆ ಕೆಲಸ ಮಾಡುತ್ತದೆಂದು ಅವರಿಗೂ ಗೊತ್ತಾಗಲಿ.”

ಅವರನ್ನು ದೂರುವುದಿಲ್ಲ. ಕಾಗದ ಏನು ಹೇಳುತ್ತದೆ ಎಂದು ಅವರಿಗೆ ಹೇಳಿದವನು ನಾನು. ಸುರಪುರಕ್ಕೆ ಹೋಗಿ ಖಾಜಾ ಹುಸೇನ್ ಸಾಹೇಬರಿಗೆ ತೋರಿಸಿ ಬರಲೇ ಎಂದು ಒಂದು ಗಳಿಗೆ ಅನ್ನಿಸಿತ್ತು. ಭೀಮಾ ದಾಟಿ ಶಹಾಪುರದ ಮೇಲೆ ಹೋದರೆ ಅರ್ಧ ದಿನದ ಹಾದಿ. ತೆಗೆದುಹಾಕಿದ ಮುದುಕನ ಮುಂದೆ ಕಾಗದ ಹಿಡಿದು ನಿಲ್ಲುವುದೇ, ನನಗೆ ಓದಲು ಬರುವುದಿಲ್ಲವೇ ಎಂಬ ಜಂಬ ಬಂತು. ಉತ್ತರವನ್ನು ಟೈಪು ಮಾಡಿಸಿದೆ: ಇಲ್ಲಿ ಸಿಕ್ಕ ಒಂದೇ ಕಾಗದದ ಕೂಸು ಹುಟ್ಟಿದ್ದು ಸಾಹೇಬರು ಹೋದ ನಾಲ್ಕು ವರ್ಷಕ್ಕೆ, ನಿಮ್ಮ ತಂದೆಯ ತಾಯಿಯ ಗುರುತು ಇಲ್ಲಿನ ದಾಖಲೆಯಲ್ಲಿ ಇಲ್ಲ.

ಮಲ್ಲವ್ವನಿಗೂ ಹೇಳಬೇಕಲ್ಲ. ಮುದನಾಳಕ್ಕೆ ಹೋದೆ. ಅವಳು ಊರ ಕಟ್ಟೆಯ ಹತ್ತಿರ ಸಿಕ್ಕಳು, ಅಲ್ಲೇ ಹೇಳಿದೆ. ನಾಲ್ಕು ಮಂದಿ ಕೂತಿದ್ದಾರೆ, ಕೇಳಿಸಿಕೊಳ್ಳುತ್ತಾರೆ ಎಂಬ ಖಬರೂ ಇರಲಿಲ್ಲ.

“ಸಾಹೇಬ ಹೋದ ಮ್ಯಾಲ ಹುಟ್ಟಿದಾಂವ ಅಂದರ?” ಎಂದು ಅವಳು ನಿಧಾನವಾಗಿ ಕೇಳಿದಳು. “ನಮ್ಮವ್ವನ ಮ್ಯಾಲ ಏನ್ ಹೇಳಾಕತ್ತೀಯೋ ನೀನು?”

“ನಾ ಹೇಳಾಕತ್ತಿಲ್ಲ ಆಯಿ, ಕಾಗದ ಹೇಳ್ತದ.”

“ಕಾಗದಕ್ಕ ತಾಯಿ ಇರೂದಿಲ್ಲ. ನಿನಗ ಅದಾಳಲ್ಲ?”

ಕಟ್ಟೆಯ ಮೇಲೆ ಯಾರೋ ಕೆಮ್ಮಿದರು, ಯಾರೋ ನಕ್ಕರು. ನಾನು ಬಗ್ಗಿಸಿದ ತಲೆ ಎತ್ತದೆ ಸೈಕಲ್ ಹತ್ತಿದೆ. ಸತ್ತು ಎಷ್ಟೋ ವರ್ಷವಾದ ಹೆಣ್ಣೊಬ್ಬಳ ಹೆಸರನ್ನು ಊರ ಬಾಯಿಗೆ ಹಾಕಿ ಬಂದಿದ್ದೆ.

ವಿಚಿತ್ರವೆಂದರೆ ಆ ಉತ್ತರದಿಂದ ನನಗೆ ಹೆಸರು ಬಂತು. ಎಡಿತ್ ಕೃತಜ್ಞತೆ ಹೇಳಿ ಬರೆದಳು. ಯಾದಗಿರಿಯಲ್ಲಿ ಪ್ರಾಮಾಣಿಕ ಮನುಷ್ಯರೊಬ್ಬರಿದ್ದಾರೆಂದು ನೆರೆಹೊರೆಯವರಿಗೆಲ್ಲ ಹೇಳಿದಳಂತೆ. ಆ ಬಯಲಿನಿಂದ ಇನ್ನೂ ಕೆಲವು ಮನೆತನಗಳ ಪತ್ರಗಳು ಬಂದವು. ಕೆಲವಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟೆ. ಮೂರು ವರ್ಷದ ಮೇಲೆ ಬಂದ ಒಂದು ಪತ್ರದಲ್ಲಿ ಸುರಪುರದಲ್ಲಿ ಸತ್ತ ತಮ್ಮ ದೊಡ್ಡಜ್ಜನ ಸಮಾಧಿ ಹುಡುಕಿಕೊಡಿ ಎಂದಿತ್ತು. ಹುಡುಕಿದೆ. ಸಮಾಧಿಯ ಕಲ್ಲು ಬಾವಿಯ ಪಕ್ಕದಲ್ಲಿ ಮಡಿವಾಳರ ಬಟ್ಟೆ ಒಗೆಯುವ ಕಲ್ಲಾಗಿತ್ತು. ಎತ್ತಿಸಬೇಕಲ್ಲ ಎಂದರೆ ಅಲ್ಲಿದ್ದ ಮಡಿವಾಳ, “ಇದರ ಮ್ಯಾಲ ಅರಿವಿ ಭಾಳ ಬೆಳ್ಳಗ ಆಗ್ತಾವ್ರಿ, ಇಂಥಾದ್ದ ಇನ್ನೊಂದು ಕೊಡಸ್ರಿ” ಎಂದ. ಬೇರೆ ಕಲ್ಲು ಕೊಡಿಸಿ ಎತ್ತಿಸಿದೆ.

ಸುರಪುರದ ತನಕ ಬಂದು ಖಾಜಾ ಹುಸೇನ್ ಸಾಹೇಬರನ್ನು ನೋಡದೆ ಹೋಗಲು ನಾಚಿಕೆಯಾಯಿತು. ಹೋದೆ. ಅವರು ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದರು, ಕಣ್ಣು ಮಂಜಾಗಿತ್ತು. ಚಹಾ ತರಿಸಿದರು. ಮಾತಿಗೆ ಬೇರೆ ಏನೂ ಸಿಗದೆ, ನನ್ನ ಹೆಚ್ಚುಗಾರಿಕೆ ಹೇಳಿಕೊಳ್ಳಲೆಂದೇ ಕೆನಡಾದ ಪತ್ರಗಳ ವಿಷಯ ತೆಗೆದೆ. ಮುದನಾಳದ ಕಾಗದದಲ್ಲಿ ಇದ್ದದ್ದನ್ನೆಲ್ಲ ಬಾಯಲ್ಲೇ ಒಪ್ಪಿಸಿದೆ.

ಅವರು ಬೀಡಿ ಆರಿಸಿದರು.

“ಹಸುಗೂಸಿನ ಹೆಸರಿಗೆ ಹೊಲ ದಾನ ಕೊಟ್ಟದ್ದು. ಹೌದಲ್ಲ? ದಾನದ ಕಾಗದ ಯಾರು ಬರೀತಾರ ಬಸಲಿಂಗಪ್ಪ?”

ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು:

“ಖಾಜಿ ಬರೀತಾನ. ತಹಸೀಲದಾಗ ಅದರ ನಕಲು ತಗೊಂಡು ಬಸ್ತಾದಾಗ ಇಡ್ತಾರ, ಅಷ್ಟ. ಖಾಜಿ ಆದಾಂವ ಹಿಜರಿ ಬಿಟ್ಟು ಫಸಲಿ ಬರೀತಾನೇನು?”

ಚಹಾದ ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಎಂಟು ವರ್ಷ ಹಿಂದಕ್ಕೆ ಹೋದರೆ ಕೂಸು ಹುಟ್ಟಿದ್ದು ಸಾಹೇಬ ಹೋಗುವ ನಾಲ್ಕು ವರ್ಷ ಮೊದಲು. ಸಾಹೇಬ ಕರೆದುಕೊಂಡು ಹೋದದ್ದು ನಾಲ್ಕು ವರ್ಷದ ಮಗನನ್ನು. ಬೆರಳು ಮಡಚಿ ಎಣಿಸುವ ಲೆಕ್ಕ.

“ಮೂರು ವರ್ಷದ ಹಿಂದ ಒಂದು ಮಾತು ಕೇಳಬಾರದಿತ್ತಾ?”

“ಸಂಕೋಚ ಆತ್ರಿ ಸಾಹೇಬ್ರ.”

“ಸಂಕೋಚ ಅಲ್ಲ ಬೇಟಾ. ಆಗ ನಾವು ನಿಮಗ ಬ್ಯಾಡಾಗಿದ್ವಿ.” ಸಿಟ್ಟಿರಲಿಲ್ಲ ದನಿಯಲ್ಲಿ. “ಕುಡಿ, ಆರಿ ಹೋಗ್ತದ.”

ಮರುದಿನವೇ ಮುದನಾಳಕ್ಕೆ ಹೋದೆ. ದಾರಿಯುದ್ದಕ್ಕೂ ಮಲ್ಲವ್ವ ಬದುಕಿರಲಿ ಎಂದು ಬೇಡಿಕೊಂಡೆ. ಬದುಕಿದ್ದಳು, ದೊಡ್ಡಿಯಲ್ಲಿ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ನೆಲದ ಮೇಲೆ ಕೂತು ಎಲ್ಲ ಹೇಳಿದೆ. ತಪ್ಪು ನನ್ನದು, ನಿಮ್ಮವ್ವನದಲ್ಲ ಎಂದೆ. ಅವಳು ಪೂರ್ತಿ ಕೇಳಿ ಕೈ ಝಾಡಿಸಿಕೊಂಡು ಎದ್ದಳು.

“ಇದನ್ನ ನನ್ನೊಬ್ಬಾಕಿ ಮುಂದ ಹೇಳಬ್ಯಾಡ. ಅವತ್ತು ಕಟ್ಟಿ ಮುಂದ ಹೇಳಿದ್ದಿ. ಇವತ್ತೂ ಕಟ್ಟಿ ಮುಂದ ಬಂದು ಹೇಳು.”

ಹೋದೆ. ಏಳೆಂಟು ಮಂದಿ ಕೂತಿದ್ದರು. ಸರ್ಕಾರಿ ನೌಕರನಾದ ನಾನು ಅವರ ಮುಂದೆ ನಿಂತುಕೊಂಡು, ಹಣಮವ್ವನ ಮಗ ಸಾಹೇಬನ ಮಗನೇ, ನಾನು ಇಸವಿ ತಪ್ಪು ಓದಿದೆ ಎಂದು ಹೇಳಿದೆ. “ಇನ್ನೊಮ್ಮಿ ಜೋರಾಗಿ ಹೇಳು, ಈ ಮುದಿಯಪ್ಪಗ ಕೇಳ್ಸೂದಿಲ್ಲ” ಎಂದಳು ಮಲ್ಲವ್ವ. ಇನ್ನೊಮ್ಮೆ ಹೇಳಿದೆ. ಈ ಸಲ ಯಾರೂ ಕೆಮ್ಮಲಿಲ್ಲ.

ಆಮೇಲೆ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. “ಈಗರ ಹೇಳು. ಸಿದ್ಯಾ ಜೀವಂತ ಅದಾನಲ್ಲ?”

“ಮೂರು ವರ್ಷದ ಹಿಂದ ಇದ್ದ ಆಯಿ. ಬರೀತೀನಿ.”

ಅಧಿಕಾರಿಯ ಅಪ್ಪಣೆಗೂ ಕಾಯದೆ ನನ್ನ ಕೈಯಿಂದಲೇ ಬರೆದೆ. ತಾಯಿಯ ಹೆಸರು ಹಣಮವ್ವ. ಮಲ್ಲವ್ವ ಎಂಬ ಅಕ್ಕ ಬದುಕಿದ್ದಾಳೆ. ಮನೆಯಲ್ಲಿ ಅವರಿಗೆ ಇಟ್ಟ ಹೆಸರು ಸಿದ್ದ. ಆ ಕುರಿ ಕೂಗು ತಾಯಿಯ ಮನೆತನದ್ದು, ಅಕ್ಕ ಇವತ್ತಿಗೂ ಹಾಗೆಯೇ ಕರೆಯುತ್ತಾಳೆ. ಮೊದಲ ಉತ್ತರದ ತಪ್ಪಿಗೆ ಕ್ಷಮೆ ಕೇಳಿದೆ. ಇಂಗ್ಲಿಷ್ ಸೊಟ್ಟಪಟ್ಟ ಇತ್ತು, ತಿದ್ದಿಸಲು ಹೋಗಲಿಲ್ಲ.

ಉತ್ತರ ಬರುವ ತನಕ ಮಲ್ಲವ್ವ ಪ್ರತಿ ಸಂತೆಯ ದಿನ ಕಚೇರಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಅವಳ ತಾಯಿ ಸ್ಟೇಷನ್ನಿನಲ್ಲಿ ನಿಲ್ಲುತ್ತಿದ್ದದ್ದು ನೆನಪಾಗಿ ನನಗೆ ಊಟ ಸೇರುತ್ತಿರಲಿಲ್ಲ.

ಎಡಿತ್‌ಳ ಪತ್ರ ಬಂತು. ಬೈಗುಳದ ಒಂದು ಮಾತೂ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಂದೆ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡರು, ನಿಮ್ಮ ಪತ್ರ ನಾಲ್ಕು ತಿಂಗಳು ತಡವಾಗಿ ಬಂತು ಎಂದು ಬರೆದಿದ್ದಳು. ಕೆಳಗೆ ಹೀಗಿತ್ತು: “ನಿಮ್ಮ ಮೊದಲ ಪತ್ರವನ್ನು ಅವರು ನನ್ನಿಂದ ಎರಡು ಸಲ ಓದಿಸಿದರು. ಅವತ್ತಿನಿಂದ ಕುರಿಗಳನ್ನು ಆ ಕೂಗಿನಿಂದ ಕರೆಯುವುದನ್ನು ಬಿಟ್ಟರು, ನಾಯಿಯನ್ನು ಕಳಿಸುತ್ತಿದ್ದರು. ಯಾಕೆಂದು ಕೇಳಿದರೆ, ಅದು ನಾನೇ ಕಟ್ಟಿಕೊಂಡ ಸುಳ್ಳಿರಬೇಕು ಎಂದರು. ಮತ್ತೆ ಎಂದೂ ತಾಯಿಯ ಮಾತು ಎತ್ತಲಿಲ್ಲ.”

ತಾಯಿಯಿಂದ ಅವರಿಗೆ ಉಳಿದದ್ದು ಆ ಕೂಗೊಂದೇ. ಅರವತ್ತು ವರ್ಷ, ಎರಡು ದೇಶ ದಾಟಿ ಕಾಪಾಡಿಕೊಂಡು ಬಂದಿದ್ದರು. ಟೈಪು ಮಾಡಿಸಿದ ನನ್ನ ಕಾಗದ ಅದನ್ನೂ ಕಿತ್ತುಕೊಂಡಿತ್ತು.

ಸಂತೆಯ ದಿನದ ತನಕ ಕಾಯಲಿಲ್ಲ. ಸಂಜೆ ಮುದನಾಳಕ್ಕೆ ಹೋದಾಗ ಮಲ್ಲವ್ವ ಪಡುವಣದ ಆ ಹೊಲದಲ್ಲೇ ಇದ್ದಳು, ಕುರಿ ದೂರದಲ್ಲಿ ಮೇಯುತ್ತಿದ್ದವು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ಬದುವಿನ ಮೇಲೆ ಕೂತಳು.

“ನಮ್ಮವ್ವನ ಹೆಸರು ಕೇಳಿದನೇನು?”

“ಇಲ್ಲ ಆಯಿ. ಅದಕ್ಕಿಂತ ಮೊದಲ ಹೋದ.”

ಅದನ್ನು ನಿಜವೇ ಹೇಳಿದೆ. ಅವಳು ಮೂಗು ಒರೆಸಿಕೊಂಡು ಮತ್ತೊಂದು ಕೇಳಿದಳು.

“ಕಡೀತನಕ ಕುರಿ ಹಂಗ ಕರೀತಿದ್ದನೇನು?”

ಪತ್ರ ನನ್ನ ಜೇಬಿನಲ್ಲಿತ್ತು.

“ಹೌದು ಆಯಿ. ಕಡೀತನಕ ಹಂಗ ಕರೀತಿದ್ದ ಅಂತ ಬರ್ದಾರ.”

ಮಲ್ಲವ್ವ ಕೋಲು ಊರಿ ಎದ್ದಳು. ಕುರಿಗಳ ಕಡೆ ತಿರುಗಿ ನಾಲಗೆಯನ್ನು ಮೂರು ಸಲ ಟಕ್ ಎನ್ನಿಸಿ, ಉದ್ದಕ್ಕೆ ಕೂಗಿ, ಸಿಳ್ಳು ಹಾಕಲು ಹೋದಳು. ತುಟಿ ನಡುಗಿ ಸಿಳ್ಳು ಬರಲಿಲ್ಲ. ಅಷ್ಟಕ್ಕೇ ಕುರಿಗಳು ತಲೆ ಎತ್ತಿ ಅವಳ ಕಡೆ ನಡೆದು ಬಂದವು.

ನೌಕರಿಯಲ್ಲಿ ಸಾವಿರಾರು ನಕಲುಗಳಿಗೆ “ಮೂಲದಂತೆ ಸರಿ ಇದೆ” ಎಂದು ಸಹಿ ಹಾಕಿದ್ದೇನೆ. ತಪ್ಪು ಓದಿ ಸುಳ್ಳಾಗಿ ಕೊಟ್ಟದ್ದು ಒಂದು. ಸರಿಯಾಗಿ ಓದಿಯೂ ಸುಳ್ಳಾಗಿ ಕೊಟ್ಟದ್ದು ಆ ಸಂಜೆಯ ಒಂದು. ಎರಡನ್ನೂ ಒಂದೇ ಮನೆಯವರಿಗೆ ಕೊಟ್ಟೆ.